ಮಳೆಗಾಲಕ್ಕೆ ನಿಲ್ಲಿಸಿದ ಮಾತ್ರೆ

ಆಕೆ ಬಂದು ನನ್ನೆದುರಿನ ಸ್ಟೂಲಿನ ಮೇಲೆ ಕೂತರೆ ಕೋಣೆಯಲ್ಲಿ ಟಿಕ್ ಟಿಕ್ ಶುರುವಾಗುತ್ತಿತ್ತು. ಸರದಿಗೆ ಕಾದಿದ್ದವರು ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ನನ್ನ ಕೈಗಡಿಯಾರ ನೋಡುತ್ತಿದ್ದರು. ಶಬ್ದ ಬರುತ್ತಿದ್ದುದು ಆಕೆಯ ಎದೆಯೊಳಗಿಂದ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು, ಅದು ಹೃದಯದ ಒಂದು ಕವಾಟವನ್ನು ತಿಂದುಹಾಕಿ, ಕೊನೆಗೆ ಮಂಗಳೂರಿನಲ್ಲಿ ಎದೆ ತೆರೆದು ಕೃತಕ ಕವಾಟ ಕೂರಿಸಿದ್ದರು. ಎರಡು ಪುಟ್ಟ ಬಾಗಿಲುಗಳಿರುವ ಬಳೆಯಂಥ ವಸ್ತು ಅದು. ಪ್ರತಿ ಬಡಿತಕ್ಕೂ ಬಾಗಿಲು ತೆರೆಯುತ್ತದೆ, ಮುಚ್ಚುವಾಗ ಟಿಕ್ ಎನ್ನುತ್ತದೆ.

“ಒಳಗೊಂದು ಇಲಿ ಸಾಕಿದೀನಿ ಡಾಕ್ಟ್ರಮ್ಮ,” ಎಂದು ಆಕೆ ಪಕ್ಕದವರಿಗೂ ಕೇಳುವಂತೆ ಹೇಳುತ್ತಿದ್ದಳು. “ಮಲಗಿದ್ರೆ ಸಾಕು, ಕಟಕಟ ಅಂತ ಕಡೀತಿರ್ತದೆ. ಆದ್ರೂ ಇರ್ಲಿ ಬಿಡಿ. ಒಬ್ಳೇ ಇರೋಳಿಗೆ ಅದಾದ್ರೂ ಜೊತೆ ಅದೆ.”

ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಆಕೆಯ ವಾಸ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅದೇ ರಸ್ತೆಯಲ್ಲಿ ಒಂದು ಟ್ರಸ್ಟಿನವರು ನಡೆಸುವ ಸಣ್ಣ ಆಸ್ಪತ್ರೆ ನಮ್ಮದು. ಫಿಸಿಶಿಯನ್ ಅಂತ ಇರುವವಳು ನಾನೊಬ್ಬಳೇ. ಹಿಂದುಗಡೆಯ ಕ್ವಾರ್ಟರ್ಸಿನಲ್ಲಿ ಒಬ್ಬಳಿಗಾಗುವಷ್ಟು ಅನ್ನ ಬೇಯಿಸಿಕೊಂಡು ಇದ್ದೇನೆ. ಈ ಊರಿನಲ್ಲಿ ಎಲ್ಲರಿಗೂ ನಾನು ಡಾಕ್ಟ್ರಮ್ಮ, ಇಲ್ಲವೇ ಮೇಡಂ. ಮರ್ಯಾದೆಗೇನೂ ಕೊರತೆಯಿಲ್ಲ. ಮಾತಿಗೆ ಕೊರತೆಯಿದೆ. ಭಾನುವಾರ ಸಂಜೆ ನನ್ನ ದನಿ ನನಗೇ ಹೊಸದಾಗಿ ಕೇಳಿದ್ದುಂಟು.

ಕೃತಕ ಕವಾಟ ಇರುವವರ ಬಾಳು ಹಗ್ಗದ ಮೇಲಿನ ನಡಿಗೆ. ದೇಹದೊಳಗೆ ಪರಕೀಯ ವಸ್ತು ಕೂತಿದೆಯೆಂದರೆ ರಕ್ತ ಅದರ ಸುತ್ತ ಹೆಪ್ಪುಗಟ್ಟಲು ನೋಡುತ್ತದೆ. ಹಾಗಾಗದಿರಲು ದಿನವೂ ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಮಾತ್ರೆಯ ಪ್ರಮಾಣ ಹೊಂದಿಸಿಕೊಳ್ಳಬೇಕು. ಹೆಚ್ಚಾದರೆ ಎಲ್ಲೆಂದರಲ್ಲಿ ರಕ್ತಸ್ರಾವ. ಕಡಿಮೆಯಾದರೆ ಕವಾಟದ ಬಾಗಿಲು ಹೆಪ್ಪಿನಲ್ಲಿ ಸಿಕ್ಕಿ ಕೂರುತ್ತದೆ. ಜೀವನಪೂರ್ತಿ ಇಷ್ಟೇ ಪಾಠ. ಸೊಪ್ಪನ್ನು ಅಳತೆ ಮೀರಿ ತಿಂದರೂ ಮಾತ್ರೆಯ ಶಕ್ತಿ ಇಳಿಯುತ್ತದೆ. ಅದನ್ನು ನಾನು ಆಕೆಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೆ.

ಅದರ ಫಲ ಒಂದು ಆಷಾಢದಲ್ಲಿ ನನ್ನ ಮೇಜಿನ ಮೇಲೆ ಬಂತು. ಬಾಳೆಲೆಯಲ್ಲಿ ಸುತ್ತಿದ ಬಿಸಿ ಬಿಸಿ ಪತ್ರೊಡೆ. “ನಂಗೆ ಕೆಸಿನೆಲೆ ಬ್ಯಾಡ ಅಂದ್ರಲ್ಲ. ಲೈನೋರು ಕೊಟ್ಟ ನನ್ ಪಾಲಿದು. ನೀವಾದ್ರೂ ತಿನ್ನಿ,” ಎಂದಳು. ಓಪಿಡಿ ಹೊತ್ತಿನಲ್ಲಿ ಇದೆಲ್ಲ ಎಂಥದು ಎಂದು ನಾನು ಗದರಿದೆ. ಆಕೆ ಜಗ್ಗಲಿಲ್ಲ. “ತಿನ್ನೇ ಮಾರಾಯ್ತಿ, ಆರೋಗ್ತದೆ!” ಎಂದುಬಿಟ್ಟು, ತಕ್ಷಣ ನಾಲಿಗೆ ಕಚ್ಚಿಕೊಂಡಳು. “ತಪ್ಪಾಯ್ತು ಡಾಕ್ಟ್ರಮ್ಮ, ಬಾಯಿ ತಪ್ಪಿ ಬಂತು.” ನಾನು ಮುಖ ಗಂಟಿಕ್ಕಿಕೊಂಡೇ ಇದ್ದೆ. ಆಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಪತ್ರೊಡೆ ತಿಂದೆ. ಈ ಊರಿಗೆ ಬಂದ ಮೇಲೆ ನನ್ನನ್ನು ಹಾಗೆ ಕರೆದವರು ಆಕೆಯೊಬ್ಬಳೇ.

ಹೋದ ಮಳೆಗಾಲದ ಸುದ್ದಿ ಹೇಳುವ ಮೊದಲು ಅದರ ಹಿಂದಿನ ಮಳೆಗಾಲದ ಒಂದು ಘಟನೆ ಹೇಳಬೇಕು. ನಮ್ಮಲ್ಲಿ ಮಳೆ ಹಿಡಿದರೆ ತೋಟದ ತುಂಬ ಇಂಬಳ, ರಕ್ತ ಹೀರುವ ಜಿಗಣೆ. ಕಾಫಿ ಗಿಡದ ಚಿಗುರು ತೆಗೆಯಲು ಇಳಿದ ಹೆಂಗಸರು ಕಾಲಿಗೆ ಹೊಗೆಸೊಪ್ಪು, ಸುಣ್ಣ, ಎಣ್ಣೆ ಏನೇ ಬಳಿದುಕೊಂಡರೂ ನಾಲ್ಕಾರು ಕಚ್ಚದೆ ಬಿಡುವುದಿಲ್ಲ. ಉಳಿದವರಿಗೆ ಸ್ವಲ್ಪ ಹೊತ್ತು ಸೋರಿ ನಿಲ್ಲುವ ರಕ್ತ ಆಕೆಗೆ ಮಾತ್ರೆಯ ದೆಸೆಯಿಂದ ನಿಲ್ಲುತ್ತಿರಲಿಲ್ಲ. ಒಂದು ದಿನ ಆಕೆ ಗಮ್‌ಬೂಟು ಬಿಚ್ಚಿ ಬಗ್ಗಿಸಿದಾಗ ಕೆಂಪು ನೀರು ಸುರಿದದ್ದನ್ನು ಕಂಡು ಎಸ್ಟೇಟಿನ ರೈಟರ್ ಗಾಬರಿಯಾಗಿ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. ಹಾಜರಿ ಹಾಕಿ ಕೆಲಸ ಹಂಚುವುದು ಅವರೇ. ನಾನು ಗಾಯಗಳನ್ನು ಒತ್ತಿ ಕಟ್ಟಿ, ಪ್ರಾಣಕ್ಕೇನೂ ಅಪಾಯವಿಲ್ಲ ಎಂದೆ. ಆದರೂ ರೈಟರ್, “ಇನ್ನು ಮಳೆ ಬಿಡೋ ತನಕ ನೀನು ತೋಟಕ್ಕಿಳೀಬ್ಯಾಡ, ನಂಗೆ ನೋಡಕಾಗಲ್ಲ,” ಎಂದು ನನ್ನೆದುರೇ ಆಕೆಗೆ ಕಟ್ಟಪ್ಪಣೆ ಮಾಡಿದರು. ಒಳ್ಳೆಯ ಮನುಷ್ಯ. ನಾನೂ ಸರಿ ಎಂದೆ.

ಹೋದ ವರ್ಷ ಮಳೆ ಹಿಡಿದ ಮೇಲೆ ಆಕೆ ಪರೀಕ್ಷೆಗೆ ಬರಲಿಲ್ಲ. ಮಳೆಗಾಲದಲ್ಲಿ ಅರ್ಧಕ್ಕರ್ಧ ರೋಗಿಗಳು ಬರುವುದಿಲ್ಲ. ಹಳ್ಳ ಉಕ್ಕುತ್ತದೆ, ಬಸ್ಸು ನಿಲ್ಲುತ್ತದೆ, ಮರ ಬೀಳುತ್ತದೆ. ರೈಟರ ಫೋನಿಗೆ ಹೇಳಿ ಕಳಿಸಿದೆ. ಬರ್ತಾಳಂತೆ ಎಂಬ ಉತ್ತರ ಬಂತು.

ಬಂದದ್ದು ಒಂದು ಬೆಳಿಗ್ಗೆ, ಅದೇ ಜೀಪಿನಲ್ಲಿ. ಇಬ್ಬರು ಹೆಂಗಸರು ಎರಡು ಕಡೆ ಹಿಡಿದಿದ್ದರು. ಮಂಚದ ಮೇಲೆ ಮಲಗಿಸಲು ಹೋದರೆ ಉಸಿರು ಕಟ್ಟಿ ಎದ್ದು ಕೂತುಬಿಟ್ಟಳು. ಮುಂದಕ್ಕೆ ಬಾಗಿ, ಎರಡೂ ಕೈ ಊರಿ, ಬಾಯಲ್ಲಿ ತಿಳಿಗೆಂಪು ನೊರೆ. ತುಟಿ ನೀಲಿ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಆಮ್ಲಜನಕ ಹಾಕಿ, ನೀರಿಳಿಸುವ ಇಂಜೆಕ್ಷನ್ ಕೊಟ್ಟು, ಇಸಿಜಿ ತೆಗೆಸುತ್ತ ಇರುವಾಗ ನನಗೆ ಏನೋ ತಪ್ಪಿದಂತೆ ಅನ್ನಿಸುತ್ತಿತ್ತು. ಸ್ಟೆತೊಸ್ಕೋಪ್ ಎದೆಗಿಟ್ಟಾಗ ತಿಳಿಯಿತು. ಟಿಕ್ ಎಂಬ ಶಬ್ದ ಇರಲಿಲ್ಲ. ಅದರ ಜಾಗದಲ್ಲಿ ಒದ್ದೆ ಚೀಲ ನೆಲಕ್ಕೆ ಬಿದ್ದಂತೆ ಒಂದು ಮಂಕು ಸದ್ದು.

“ಮಾತ್ರೆ ತಗೊಳ್ತಿದೀಯಾ?” ಎಂದೆ. ಹೂಂ ಎಂಬಂತೆ ತಲೆ ಆಡಿಸಿದಳು.

ಸೀರೆ ಸರಿಸಿ ಕಾಲು ನೋಡಿದೆ. ಮೊಣಕಾಲಿನ ಕೆಳಗೆ ತುಂಬ ಇಂಬಳದ ಕಡಿತ, ಹಳೆಯವು, ಹೊಸವು. ಒಂದರಲ್ಲೂ ರಕ್ತವಿಲ್ಲ. ಎಲ್ಲ ಒಣಗಿ, ಅಚ್ಚುಕಟ್ಟಾಗಿ ಹೆಪ್ಪುಗಟ್ಟಿದ್ದವು. ಮಾತ್ರೆ ನುಂಗುವವಳ ಕಾಲಲ್ಲ ಅದು. ಲ್ಯಾಬಿನಿಂದ ಬಂದ ಅಂಕಿಯೂ ಅದನ್ನೇ ಹೇಳಿತು. ಮಾತ್ರೆಯನ್ನೇ ಕಾಣದವರ ರಕ್ತದ ಹಾಗಿತ್ತು.

“ನಿಲ್ಸಿದ್ದೆ...” ಎಂದಳು, ಒಂದೊಂದು ಪದಕ್ಕೂ ಒಂದೊಂದು ಉಸಿರು ಎಳೆಯುತ್ತ. “ಮಳೆಗಾಲಕ್ಕೆ ಮಾತ್ರ... ಮಳೆ ಬಿಟ್ಮೇಲೆ... ತಗೊಳನ ಅಂತ...”

ನನಗೆ ಸಿಟ್ಟು ನೆತ್ತಿಗೇರಿತು. “ಸಾಯೋಕೆ ಇದಕ್ಕಿಂತ ಸುಲಭದ ದಾರಿ ಇರಲಿಲ್ವಾ ನಿಂಗೆ?” ಎಂದು ಕಿರುಚಿಯೇಬಿಟ್ಟೆ. ಜೊತೆಗೆ ಬಂದಿದ್ದ ಹೆಂಗಸರಲ್ಲಿ ಒಬ್ಬಳು ಮೆಲ್ಲಗೆ ಬಾಯಿಬಿಟ್ಟಳು. “ಹೋದ್ ವರ್ಷ ಇಡೀ ಮಳೆಗಾಲ ಲೈನಲ್ಲಿ ಒಬ್ಳೇ ಕೂತಿದ್ಲು ಅಮ್ಮ. ನಾವೆಲ್ಲ ಬೆಳಿಗ್ಗೆ ಹೋದ್ರೆ ಕತ್ಲಾದ್ಮೇಲೇ ಬರೋದು. ಹುಚ್ಚು ಹಿಡೀತದೆ ಕಣ್ರೇ ಅಂತಿದ್ಲು. ಈ ಸಲ ರಕ್ತ ಬರಲ್ಲ, ವಾಸಿಯಾಗ್ಯದೆ ಅಂತ ರೈಟರಿಗೆ ಕಾಲು ತೋರ್ಸಿ ಕೆಲ್ಸಕ್ಕೆ ಬಂದ್ಲು.”

ನಾನು ಸೀರೆಯನ್ನು ಆಕೆಯ ಕಾಲ ಮೇಲೆ ಮತ್ತೆ ಎಳೆದೆ. ನಮ್ಮ ಕಡೆ ಮಳೆಗಾಲಕ್ಕೆ ಎಲ್ಲವನ್ನೂ ನಿಲ್ಲಿಸುತ್ತೇವೆ. ಮದುವೆ ನಿಲ್ಲಿಸುತ್ತೇವೆ, ಮನೆ ಕಟ್ಟುವುದು ನಿಲ್ಲಿಸುತ್ತೇವೆ, ಸೌದೆ ಒಡೆಯುವುದನ್ನು ಮೊದಲೇ ಮುಗಿಸಿ ಒಟ್ಟುತ್ತೇವೆ. ಆಕೆ ಮಾತ್ರೆಯನ್ನೂ ಹಾಗೆಯೇ ಎತ್ತಿಟ್ಟಿದ್ದಳು. ನಾಲ್ಕು ಜನರ ನಡುವೆ ಇರಲಿಕ್ಕೆ ರಕ್ತ ಹೆಪ್ಪುಗಟ್ಟಬೇಕಿತ್ತು, ಹೆಪ್ಪುಗಟ್ಟಿಸಿಕೊಂಡಿದ್ದಳು. ಹುಚ್ಚು ಹಿಡಿಯುತ್ತದೆ ಎಂಬ ಮಾತು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆಸ್ಪತ್ರೆಯ ಹಿಂದಿನ ನೀರಿನ ಟ್ಯಾಂಕಿನ ಕಟ್ಟೆ ಹತ್ತಿದರೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಕೊಡೆ ಹಿಡಿದು ಅಲ್ಲಿ ನಿಂತು, ಆಕೆಗೆ ಆಪರೇಷನ್ ಮಾಡಿದ್ದ ಮಂಗಳೂರಿನ ಸರ್ಜನ್ನರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, “ವಾಲ್ವ್ ಜಾಮ್ ಆಗಿರಬೇಕು. ಆದ್ರೆ ಎಕೋ ನೋಡದೆ ನಾನು ಹೇಗೆ ಹೇಳಲಿ ಡಾಕ್ಟ್ರೇ? ಕಳಿಸಿಬಿಡಿ, ಥಿಯೇಟರ್ ರೆಡಿ ಇಡ್ತೀನಿ,” ಎಂದರು.

“ಚಾರ್ಮಾಡಿ ಘಾಟಿ ಕುಸಿದಿದೆ ಸರ್. ಸುತ್ತು ಹಾಕಿ ಬಂದರೆ ಅರ್ಧ ದಿನ. ಕೂತಲ್ಲೇ ಉಸಿರು ಸಿಗ್ತಿಲ್ಲ, ಬಿಪಿ ಇಳೀತಾ ಇದೆ.”

“ಹಾಗಾದ್ರೆ ಹೆಪ್ಪು ಕರಗಿಸೋ ಔಷಧಿ ಒಂದೇ ದಾರಿ. ಅದು ಒಡೆದು ಮಿದುಳಿಗೆ ಹೋದ್ರೆ... ನೋಡಿ, ಕಣ್ಣಾರೆ ನೋಡ್ತಾ ಇರೋರು ನೀವು. ನೀವೇ ನಿರ್ಧಾರ...” ಅಷ್ಟರಲ್ಲಿ ಲೈನು ಕಡಿಯಿತು. ಮತ್ತೆ ಮತ್ತೆ ಒತ್ತಿದೆ. ಸಿಗಲಿಲ್ಲ.

ಅತ್ತ ದರಿ, ಇತ್ತ ಪುಲಿ. ಹೃದಯಾಘಾತದವರಿಗಾಗಿ ನಮ್ಮ ಫ್ರಿಜ್ಜಿನಲ್ಲಿ ಸ್ಟ್ರೆಪ್ಟೋಕೈನೇಸ್ ಎಂಬ ಅದೇ ಬಗೆಯ ಔಷಧಿ ಇಟ್ಟಿರುತ್ತೇವೆ. ಅವರಿಗೆ ಅದನ್ನು ಬೇಗ ಹರಿಸಿ ಮುಗಿಸುತ್ತೇವೆ. ಕವಾಟದ ಹೆಪ್ಪಿಗಾದರೆ ಮೊದಲು ಒಂದಷ್ಟು ಕೊಟ್ಟು, ಆಮೇಲೆ ಹನಿಹನಿಯಾಗಿ ಇಡೀ ದಿನ ಹರಿಸಬೇಕು. ಪುಸ್ತಕದಲ್ಲಿ ಓದಿದ್ದೆ, ಕಲಿಯುವಾಗ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯರ ಹಿಂದೆ ನಿಂತು ನೋಡಿದ್ದೆ. ಅಲ್ಲಿ ಹೃದಯದ ಒಳಗನ್ನು ತೋರಿಸುವ ಎಕೋ ಯಂತ್ರವಿತ್ತು, ಪಕ್ಕದಲ್ಲೇ ಆಪರೇಷನ್ ಥಿಯೇಟರ್ ಇತ್ತು, ಹೀಗಾದರೆ ಹಾಗೆ ಎಂದು ಹೇಳಲು ನಾಲ್ಕು ಜನ ಇದ್ದರು. ಇಲ್ಲಿ ಟ್ಯಾಂಕಿನ ಕಟ್ಟೆ ಇತ್ತು.

ಒಳಗೆ ಬಂದು ಆಕೆಯ ಎದುರು ಕೂತು ನಿಜ ಹೇಳಿದೆ. “ಬಾಗಿಲು ಸಿಕ್ಕಿಹಾಕ್ಕೊಂಡಿದೆ. ಕರಗಿಸೋ ಔಷಧಿ ಕೊಡ್ತೀನಿ. ಕೊಟ್ರೆ ಬದುಕಬಹುದು. ಒಂದು ಚೂರು ಎದ್ದು ತಲೆಗೆ ಹೋದ್ರೆ ಕೈಕಾಲು ಬಿದ್ದುಹೋಗಬಹುದು, ಜೀವನೂ ಹೋಗಬಹುದು. ಕೊಡದೆ ಇದ್ರೆ ಸಂಜೆ ತನಕ ಕಷ್ಟ. ಏನು ಮಾಡ್ಲಿ ಹೇಳು?”

ಆಕೆ ನನ್ನನ್ನೇ ನೋಡಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟು, “ಇಲಿ... ಮತ್ತೆ ಬತ್ತದಾ?” ಎಂದಳು.

“ಬರಬಹುದು.”

“ಕೊಡಿ ಹಂಗಾರೆ.”

ನಾನು ಕೊಟ್ಟೆ. ಸಿಸ್ಟರ್ ಔಷಧಿ ಬೆರೆಸಿ ಸಿರಿಂಜ್ ಪಂಪಿಗೆ ಹಾಕಿದಳು. ಕರೆಂಟು ಬಂದು ಹೋಗಿ ಮಾಡುತ್ತಿದ್ದುದರಿಂದ ಜನರೇಟರ್ ಹಾಕಿಸಿದೆ. ಮೊದಲರ್ಧ ಗಂಟೆ ನಾನು ಮಂಚ ಬಿಟ್ಟು ಅಲ್ಲಾಡಲಿಲ್ಲ. ಬಿಪಿ ಒಮ್ಮೆ ಕುಸಿಯಿತು. ಹರಿಯುವ ವೇಗ ತಗ್ಗಿಸಿದ ಮೇಲೆ ಸುಧಾರಿಸಿತು.

ಆಮೇಲೆ ಶುರುವಾಯಿತು ನಾನು ಯಾವ ಪುಸ್ತಕದಲ್ಲೂ ಓದದೇ ಇದ್ದದ್ದು. ಸಿಸ್ಟರ್ “ಮೇಡಂ!” ಎಂದು ಕೂಗಿದಳು. ಕಾಲ ಬಳಿ ಬೆಡ್‌ಶೀಟು ಕೆಂಪಾಗುತ್ತಿತ್ತು. ಔಷಧಿಗೆ ಕವಾಟದ ಹೆಪ್ಪು ಯಾವುದು, ಇಂಬಳದ ಗಾಯದ ಹೆಪ್ಪು ಯಾವುದು ಎಂಬ ಭೇದವಿಲ್ಲ. ಒಣಗಿದ್ದ ಕಡಿತಗಳು ಒಂದೊಂದಾಗಿ ಬಾಯಿಬಿಡತೊಡಗಿದ್ದವು. ಒಂದನ್ನು ಒತ್ತಿ ಹಿಡಿದರೆ ಪಕ್ಕದ್ದು ಜಿನುಗುತ್ತಿತ್ತು. ಹಿಮ್ಮಡಿಯ ಮೇಲೆ, ಮೀನಖಂಡದಲ್ಲಿ, ಬೆರಳ ಸಂದಿಯಲ್ಲಿ. ಹತ್ತಿ, ಬ್ಯಾಂಡೇಜು ಸಾಲದೆ ಹಳೆಯ ಶೀಟು ಹರಿದು ಕಟ್ಟಿದೆವು. ಬಾಗಿಲಲ್ಲಿ ನಿಂತಿದ್ದ ರೈಟರ್ ಅದನ್ನು ನೋಡಿ, “ಅಯ್ಯೋ, ಹೊರನಾಡಿಗೆ ಹರಕೆ ಹೊತ್ಕೊಂಡಿದೀನಿ ಮೇಡಂ, ಹೆಂಗಾದ್ರೂ ಉಳ್ಸಿ,” ಎಂದು ಗೋಡೆಗೆ ಒರಗಿ ಕುಸಿದರು. ಅವರಿಗೂ ನೀರು ಕುಡಿಸಬೇಕಾಯಿತು.

“ನಿಲ್ಸಿಬಿಡೋಣ ಮೇಡಂ,” ಎಂದಳು ಸಿಸ್ಟರ್. ಅವಳ ಕಣ್ಣಲ್ಲಿ ನೀರಿತ್ತು. “ಹೊರಗೇ ಇಷ್ಟು ಹೋಗ್ತಿದೆ. ಒಳಗೆ ಎಲ್ಲೆಲ್ಲಿ ಹೋಗ್ತಿದೆಯೋ.”

ಪಂಪಿನ ಗುಂಡಿಯ ಮೇಲೆ ನನ್ನ ಬೆರಳು ಹೋಗಿತ್ತು. ನಿಲ್ಲಿಸಿದ್ದರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ಕೆಳಗೆ ನೋಡಿದೆ. ಬೆಳಿಗ್ಗೆ ನನ್ನನ್ನು ಹೆದರಿಸಿದ್ದು ಒಣಗಿದ ಕಾಲು. ಈಗ ಕಾಲು ಸೋರುತ್ತಿದೆ. ಇಲ್ಲಿ ಕರಗುತ್ತಿದೆ ಎಂದರೆ ಅಲ್ಲಿಯೂ ಕರಗುತ್ತಿರಬೇಕು. ಒಳಗನ್ನು ನೋಡಲು ನನ್ನ ಬಳಿ ಯಂತ್ರವಿಲ್ಲ, ಇದ್ದದ್ದು ಈ ಕಾಲು ಮಾತ್ರ. “ಮುಂದುವರಿಸೋಣ. ಒತ್ತಿ ಹಿಡಿ,” ಎಂದೆ. ಆ ಮಾತು ಹೇಳಿದ ಕ್ಷಣದಷ್ಟು ಒಂಟಿತನ ನನಗೆ ಕ್ವಾರ್ಟರ್ಸಿನ ಯಾವ ಭಾನುವಾರವೂ ಕೊಟ್ಟಿಲ್ಲ. ಸುತ್ತ ಐದಾರು ಜನ ಇದ್ದರು. ತಪ್ಪಾದರೆ ಅದು ನನ್ನೊಬ್ಬಳದೇ.

ಲೈನಿನ ಇಬ್ಬರು ಹೆಂಗಸರೂ ತಾವಾಗಿಯೇ ಕೈ ತೊಳೆದು ಬಂದು ಒಂದೊಂದು ಕಾಲಿನ ಗಾಯಗಳಿಗೆ ಒಬ್ಬೊಬ್ಬರು ಬೆರಳೊತ್ತಿ ಕೂತರು. ಮಧ್ಯಾಹ್ನ ಕಳೆಯಿತು. ಉಸಿರು ಸ್ವಲ್ಪ ಸಡಿಲವಾಯಿತು. ಆಕೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಪದೇ ಪದೇ ಎದೆಗೆ ಕಿವಿಗೊಟ್ಟೆ. ಅದೇ ಮಂಕು ಸದ್ದು, ಅದೇ ಮಂಕು ಸದ್ದು. ಹೊರಗೆ ಬೆಳಕು ಇಳಿಯುತ್ತಿದ್ದಾಗ ಮಳೆ ಒಂದಿಷ್ಟು ಬಿಟ್ಟುಕೊಟ್ಟಿತು. ಕರೆಂಟು ಬಂದು, ಜನರೇಟರ್ ಆರಿಸಿದರು. ಕೋಣೆ ನಿಶ್ಶಬ್ದವಾಯಿತು. ಆಗ ಸ್ಟೆತೊಸ್ಕೋಪ್ ಇಲ್ಲದೆಯೇ ಕೇಳಿಸಿತು. ಮೊದಲು ಒಂದು ಬಿಟ್ಟು ಒಂದು, ಆಮೇಲೆ ಸಾಲಾಗಿ. ಟಿಕ್ ಟಿಕ್.

ನನಗೆ ಅಳು ಬಂತು, ಮುಚ್ಚುಮರೆಯೇನಿಲ್ಲ. ಸಿಸ್ಟರನ್ನು ತಬ್ಬಿಕೊಂಡೆ. ಒರಗಿ ಮಲಗಿದ್ದ ಆಕೆಯ ಭುಜ ಅಲುಗಿಸಿ, “ಏಯ್, ಕೇಳ್ತಾ? ನಿನ್ನ ಇಲಿ ಬಂತು ನೋಡು!” ಎಂದೆ.

ಆಕೆ ಕಣ್ಣು ತೆರೆದು ನನ್ನನ್ನು ದಿಟ್ಟಿಸಿದಳು. “ಮಾರಾಯ್ತಿ,” ಎಂದಳು.

ಎಲ್ಲರೂ ನಕ್ಕೆವು. “ಈಗಲೂ ತಮಾಷೆನಾ ನಿಂಗೆ? ಎದೆ ಹೇಗಿದೆ ಹೇಳು.”

“ಮಾರಾಯ್ತಿ.”

“ಉಸಿರು ಸಲೀಸಾಯ್ತಾ?”

“ಮಾರಾಯ್ತಿ... ಮಾರಾಯ್ತಿ.” ಆಕೆಯ ಹುಬ್ಬು ಗಂಟಿಕ್ಕಿತು. ಬೇರೆ ಏನೋ ಹೇಳಲು ಹೊರಟು ಅದೇ ಪದ ಬರುತ್ತಿರುವುದು ಆಕೆಗೂ ಅಚ್ಚರಿಯಾಗಿತ್ತು. ಬಾಯಿಯ ಬಲತುದಿ ಕೆಳಗೆ ಜಾರಿದ್ದನ್ನು ಆಗ ನೋಡಿದೆ. ನನ್ನ ಕೈ ಹಿಡಿ ಎಂದು ಸನ್ನೆ ಮಾಡಿದೆ. ಎಡಗೈ ಹಿಡಿಯಿತು. ಬಲಗೈಯ ಬೆರಳು ಮಡಚಲಿಲ್ಲ. ಪಂಪು ನಿಲ್ಲಿಸಿದೆ. ಕವಾಟದಿಂದ ಎದ್ದ ಒಂದು ಚೂರು ಮಿದುಳಿನಲ್ಲಿ ಮಾತಿರುವ ಜಾಗಕ್ಕೆ ಹೋಗಿ ಕೂತಿತ್ತು. ಬೆಳಿಗ್ಗೆ ಟ್ಯಾಂಕಿನ ಕಟ್ಟೆಯ ಮೇಲೆ ಯಾವುದಕ್ಕೆ ಹೆದರಿದ್ದೆನೋ ಅದೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕವಾಟ ಮಾತ್ರ ಏನೂ ಆಗಿಲ್ಲವೆಂಬಂತೆ ಟಿಕ್ ಟಿಕ್ ಎನ್ನುತ್ತಿತ್ತು.

ಮಲಗಿ ಪ್ರಯಾಣ ಮಾಡುವಷ್ಟು ಉಸಿರು ಬಂದಿದ್ದರಿಂದ ಮಾರನೆಯ ದಿನ ಸುತ್ತುದಾರಿಯಲ್ಲೇ ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕಳಿಸಿದೆ. ಎಕೋ ಮಾಡಿ ನೋಡಿ ಸರ್ಜನ್ ಫೋನ್ ಮಾಡಿದರು. ಎರಡೂ ಬಾಗಿಲು ಚೆನ್ನಾಗಿ ಆಡುತ್ತಿವೆ, ಮತ್ತೆ ಎದೆ ತೆರೆಯುವುದು ಬೇಕಿಲ್ಲ ಎಂದರು. “ನೀವು ಕೊಡದೇ ಇದ್ದಿದ್ರೆ ಆಕೆ ಇಲ್ಲಿಗೆ ಬರ್ತಾನೇ ಇರಲಿಲ್ಲ ಡಾಕ್ಟ್ರೇ. ಸರಿಯಾಗೇ ಮಾಡಿದ್ರಿ,” ಎಂದರು. ಸರಿಯಾಗಿಯೇ ಮಾಡಿದೆ ಎಂದು ನನಗೂ ಗೊತ್ತಿದೆ. ಗೊತ್ತಿದ್ದ ಮಾತ್ರಕ್ಕೆ ನಿದ್ದೆ ಬರುತ್ತದೆ ಎಂದೇನಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಡೆದದ್ದನ್ನು ಅದೆಷ್ಟು ಸಲ ಮತ್ತೆ ನಡೆಸಿಕೊಂಡಿದ್ದೇನೋ. ಪ್ರತಿ ಸಲವೂ ಔಷಧಿ ಕೊಡುತ್ತೇನೆ, ಪ್ರತಿ ಸಲವೂ ಮಾತು ಹೋಗುತ್ತದೆ.

ಆಕೆ ವಾಪಸು ಬಂದಳು. ಬಲಗೈ ಅರ್ಧಕ್ಕೆ ಚೇತರಿಸಿಕೊಂಡಿತು. ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ನಗು ಬರುತ್ತದೆ, ಸಿಟ್ಟು ಬರುತ್ತದೆ, ಹೇಳಲು ಮಾತ್ರ ಆ ಒಂದೇ ಪದ. ಅನ್ನ ಬೇಕಾದರೂ ಅದೇ, ಬೇಡವಾದರೂ ಅದೇ. ಲೈನಿನವರು ದನಿಯ ಏರಿಳಿತದಲ್ಲೇ ತಿಳಿದುಕೊಳ್ಳುತ್ತಾರೆ. ಈ ಸಲ ರೈಟರ್ ಬಂದು ನನ್ನನ್ನೇ ಕೇಳಿದರು: “ಮಳೇಲಿ ಏನು ಮಾಡ್ಸದು ಮೇಡಂ? ಮನೇಲಿ ಕೂರ್ಸಿದ್ರೆ ಮತ್ತೆ ಅದೇ ಕತೆ ಆಗ್ತದೆ.” ನರ್ಸರಿಯ ಶೆಡ್ಡಿನಲ್ಲಿ ಸಸಿಯ ಚೀಲಕ್ಕೆ ಮಣ್ಣು ತುಂಬುವ ಕೆಲಸ ಕೊಡಿ ಎಂದೆ. ಸೂರಿನಡಿ, ಹತ್ತು ಜನರ ನಡುವೆ, ಎಡಗೈಯಲ್ಲಿ ಮಾಡಬಹುದಾದ ಕೆಲಸ. ಅದಕ್ಕವರು ಒಪ್ಪಿದರು.

ಈ ವರ್ಷ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಓಪಿಡಿಯಲ್ಲಿ ಟಿಕ್ ಟಿಕ್ ಕೇಳಿಸಿತು. ತಲೆಯೆತ್ತಿದರೆ ಆಕೆ. ಪರೀಕ್ಷೆಯ ದಿನವಾಗಿರಲಿಲ್ಲ. ಏನಾಯಿತೋ ಎಂದು ಎದ್ದು ನಿಂತೆ. ಆಕೆ ಸ್ಟೂಲಿನ ಮೇಲೆ ಕೂತು, ಸೀರೆ ಮೊಣಕಾಲಿನವರೆಗೆ ಎತ್ತಿ, ಕಾಲನ್ನು ನನ್ನ ಮುಂದೆ ಚಾಚಿದಳು. ಮೀನಖಂಡಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಶೆಡ್ಡಿಗೆ ನಡೆದು ಹೋಗುವಾಗ ಕಚ್ಚಿರಬೇಕು, ಒಂದೇ ಒಂದು ಇಂಬಳದ ಕಡಿತ. ರಕ್ತ ಎಳೆಯಾಗಿ ಇಳಿದು ಹಿಮ್ಮಡಿಯವರೆಗೆ ಹೋಗಿತ್ತು.

ಆಕೆ ರಕ್ತದ ಕಡೆ ಬೆರಳು ತೋರಿಸಿದಳು. ಆಮೇಲೆ ಎಡಗೈಯನ್ನು ಬಾಯಿಗೆ ಒಯ್ದು ಮಾತ್ರೆ ನುಂಗುವಂತೆ ಮಾಡಿ, ಕತ್ತೆತ್ತಿ, ನೋಡಿದೆಯಾ ಎಂಬ ಜಂಬದಲ್ಲಿ ಹೇಳಿದಳು:

“ಮಾರಾಯ್ತಿ!”

ನಾನು ನಗಲು ಹೋದೆ, ಆಗಲಿಲ್ಲ. ಹತ್ತಿ ತೆಗೆದುಕೊಂಡು ನೆಲದ ಮೇಲೆ ಕೂತು ಆ ಗಾಯವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಆಕೆ ತನ್ನ ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟಳು. ಸರದಿಗೆ ಕಾದವರು ಬಾಗಿಲಲ್ಲಿ ಇಣುಕುತ್ತಿದ್ದರು. ರಕ್ತ ನಿಲ್ಲಲು ಬಹಳ ಹೊತ್ತು ಹಿಡಿಯಿತು. ನನಗೂ ಅವಸರವಿರಲಿಲ್ಲ.